ಒಂದು ಮತ ವಿರುದ್ಧ

ಕೇಪ್‌ಟೌನ್ ನಗರದ ಪಾರ್ಲಿಮೆಂಟು ಭವನದಲ್ಲಿ ಮತಗಣನೆಯ ಗಂಟೆ ಬಾರಿಸಿತೆಂದರೆ, ಮಸೂದೆಗೆ ಒಪ್ಪಿಗೆಯುಳ್ಳ ಸದಸ್ಯರು ಸ್ಪೀಕರರ ಬಲಗಡೆಗೂ ಒಪ್ಪದವರು ಎಡಗಡೆಗೂ ಹೋಗಿ ಕೂಡುವುದು ಅಲ್ಲಿಯ ಆಗಿನ ಪದ್ಧತಿಯಾಗಿದ್ದಿತು. 1963ನೆಯ ಇಸವಿ ಏಪ್ರಿಲ್ ತಿಂಗಳಿನಲ್ಲಿ ಒಂದು ದಿನ ಹೀಗೆ ಗಂಟೆ ಬಾರಿಸಿದಾಗ ಆಳುವ ಪಕ್ಷದ ನೂರಕ್ಕೂ ಮಿಕ್ಕ ಸದಸ್ಯರು ಬಲಗಡೆಯಲ್ಲಿ ತಮ್ಮ ತಮ್ಮ ಪೀಠಗಳಲ್ಲಿಯೇ ಉಳಿದರು. ಅದರಲ್ಲಿ ಆಶ್ಚರ್ಯವೇನೂ ಇರಲಿಲ್ಲ. ಆದರೆ ಎದುರುಗಡೆ ಕುಳಿತಿದ್ದ ವಿರೋಧ ಪಕ್ಷದವರೂ ಎದ್ದರು. ಎದ್ದು, ನಡುವಣ ಅಂಗಳವನ್ನು ದಾಟಿ ಸರ್ಕಾರದವರ ಜೊತೆಯಲ್ಲಿ ಹೋಗಿ ಕುಳಿತರು. ಸಾಲುಸಾಲಾಗಿ ಬರಿದಾದ ಪೀಠಗಳ ನಡುವೆ ಒಬ್ಬ ಹೆಣ್ಣುಮಗಳು ಮಾತ್ರ ಅಲುಗದೆ ಕುಳಿತಿದ್ದರು. ಸಣ್ಣ ಮೈಕಟ್ಟು, ವಯಸ್ಸು ನಲವತ್ತೈದು. ಮತಗಳನ್ನು ಎಣಿಸುವವರಿಗೆ ಎಡಗಡೆಯಲ್ಲಿ ಎಣಿಸುವ ಕೆಲಸವೇ ಇರಲಿಲ್ಲ.

ಆಕೆಯ ಹೆಸರು ಹೆಲೆನ್ ಸುಜ್‌ಮನ್. ಅಂದು ಅಂಗೀಕಾರದ ಹಾದಿ ಹಿಡಿದ ಮಸೂದೆ, ದಕ್ಷಿಣ ಆಫ್ರಿಕದ ಇತಿಹಾಸದಲ್ಲಿ ‘ತೊಂಬತ್ತು ದಿನಗಳ ಕಾನೂನು’ ಎಂದು ಕುಪ್ರಸಿದ್ಧವಾದದ್ದು. ಪೊಲೀಸು ಅಧಿಕಾರಿಯೊಬ್ಬನಿಗೆ ಒಬ್ಬಾತನ ಮೇಲೆ ಶಂಕೆ ಬಂದರೆ ಸಾಕು. ವಾರಂಟಿಲ್ಲದೆ, ಆರೋಪವಿಲ್ಲದೆ, ವಕೀಲನ ಮುಖ ಕಾಣಿಸದೆ ಆತನನ್ನು ತೊಂಬತ್ತು ದಿನಗಳವರೆಗೆ ಏಕಾಂತ ಬಂಧನದಲ್ಲಿಡಬಹುದು. ತೊಂಬತ್ತು ದಿನ ತುಂಬಿದ ಮೇಲೆ ಹೊರಕ್ಕೆ ಬಿಟ್ಟು, ಸೆರೆಮನೆಯ ಬಾಗಿಲಲ್ಲಿಯೇ ಮತ್ತೆ ಹಿಡಿದು ಇನ್ನೊಂದು ತೊಂಬತ್ತು ದಿನ ಒಳಗಿಡುವುದಕ್ಕೂ ಅಡ್ಡಿಯಿಲ್ಲ. ನ್ಯಾಯಾಲಯಗಳು ಬಿಡುಗಡೆಯ ಆಜ್ಞೆ ಮಾಡುವಂತಿಲ್ಲ. ಇಂತಹ ಮಸೂದೆಯನ್ನು ನ್ಯಾಯಮಂತ್ರಿ ಫಾರ್ಸ್ಟರ್ ಮಂಡಿಸಿದುದು ಸಹಜವೇ. ವಿರೋಧ ಪಕ್ಷವಾದ ಯುನೈಟೆಡ್ ಪಾರ್ಟಿಯವರು ಅಲ್ಲಲ್ಲಿ ಒಂದೆರಡು ತಿದ್ದುಪಡಿಗಳನ್ನು ಬಯಸಿದರೇ ಹೊರತು ಮಸೂದೆಯ ತತ್ತ್ವವನ್ನು ಒಪ್ಪಿದರು. ಬಿಳಿಯ ಮತದಾರರಿಗೆ ಭಯ ಹಿಡಿದಿದ್ದ ಕಾಲವದು. ಭಯಗೊಂಡ ಮತದಾರನ ಎದುರು ‘ದೇಶದ ಭದ್ರತೆಗೆ ಅಡ್ಡಿಯಾದವರು’ ಎನಿಸಿಕೊಳ್ಳಲು ಯಾವ ಪಕ್ಷಕ್ಕೂ ಮನಸ್ಸಿರಲಿಲ್ಲ.

ಅದೇ ವರ್ಷ ಸೆಪ್ಟೆಂಬರಿನಲ್ಲಿ ಆ ಕಾನೂನಿನಡಿ ಹಿಡಿಯಲ್ಪಟ್ಟಿದ್ದ ಲುಕ್‌ಸ್ಮಾರ್ಟ್ ಎನ್‌ಗೂಡ್ಲೆ ಎಂಬ ಆಫ್ರಿಕನ್ ಕಾರ್ಯಕರ್ತ ಪ್ರಿಟೋರಿಯದ ಸೆರೆಕೋಣೆಯಲ್ಲಿ ಹೆಣವಾದ. ಆ ಕಾನೂನಿಗೆ ಬಲಿಯಾದ ಮೊದಲ ಬಂದಿ ಆತ. ಅಲ್ಲಿಂದ ಮುಂದಕ್ಕೆ ಇಂತಹ ಸಾವುಗಳ ಲೆಕ್ಕವನ್ನು ಪಾರ್ಲಿಮೆಂಟಿನಲ್ಲಿ ಕೇಳುತ್ತ ಹೋಗುವುದು ಎಡಗಡೆಯ ಆ ಒಂಟಿ ಸದಸ್ಯೆಯ ಕೆಲಸವಾಯಿತು.

ಗಣಿನಾಡಿನ ಹುಡುಗಿ

ಜೊಹಾನ್ಸ್‌ಬರ್ಗಿನ ಪೂರ್ವಕ್ಕಿರುವ ಜರ್ಮಿಸ್ಟನ್ ಎಂಬ ಗಣಿ ಊರಿನಲ್ಲಿ 1917ನೆಯ ಇಸವಿ ನವೆಂಬರ್ 7ರಂದು ಹೆಲೆನ್ ಹುಟ್ಟಿದರು. ತಂದೆ ಸ್ಯಾಮ್ಯುಅಲ್ ಗವ್ರಾನ್‌ಸ್ಕಿ ಲಿಥುವೇನಿಯ ದೇಶದಿಂದ ವಲಸೆ ಬಂದ ಯಹೂದಿ. ರಷ್ಯದ ಚಕ್ರವರ್ತಿಯ ಆಳ್ವಿಕೆಯಲ್ಲಿ ಯಹೂದಿಗಳು ಎಲ್ಲಿ ವಾಸಿಸಬೇಕು, ಏನು ಓದಬೇಕು, ಯಾವ ಕಸುಬು ಮಾಡಬೇಕು ಎಂಬುದಕ್ಕೆಲ್ಲ ಕಟ್ಟುಕಟ್ಟಳೆಗಳಿದ್ದವು. ಅದರಿಂದ ತಪ್ಪಿಸಿಕೊಂಡು ಬಂದವರ ಮಗಳು, ಇನ್ನೊಂದು ಜನಾಂಗಕ್ಕೆ ಅಂತಹವೇ ಕಟ್ಟಳೆಗಳನ್ನು ಹೊಸೆಯುವುದನ್ನು ನೋಡುತ್ತ ಬೆಳೆಯಬೇಕಾಯಿತು. ಮಗು ಹುಟ್ಟಿ ಕೆಲವೇ ದಿನಗಳಲ್ಲಿ ತಾಯಿ ತೀರಿಕೊಂಡರು. ತಂದೆ ವ್ಯಾಪಾರದಲ್ಲಿ ಮುಂದಕ್ಕೆ ಬಂದರು. ಹುಡುಗಿ ಓದಿದ್ದು ಕ್ರೈಸ್ತ ಸಂನ್ಯಾಸಿನಿಯರ ಕಾನ್ವೆಂಟಿನಲ್ಲಿ.

ಹತ್ತೊಂಬತ್ತನೆಯ ವಯಸ್ಸಿನಲ್ಲಿ ವೈದ್ಯರಾದ ಮೋಸೆಸ್ ಸುಜ್‌ಮನ್ ಅವರೊಡನೆ ವಿವಾಹ. ಇಬ್ಬರು ಹೆಣ್ಣುಮಕ್ಕಳು. ದೊಡ್ಡ ಮನೆ, ಆಳುಕಾಳು, ಟೆನಿಸ್ಸು, ಇಸ್ಪೀಟು: ಜೊಹಾನ್ಸ್‌ಬರ್ಗಿನ ಶ್ರೀಮಂತ ಬಿಳಿಯ ಗೃಹಿಣಿಯ ಬದುಕಿನಲ್ಲಿ ಇದಕ್ಕಿಂತ ಹೆಚ್ಚೇನೂ ಬೇಕಿರಲಿಲ್ಲ. ಆದರೆ ಆಕೆ ಅರ್ಧಕ್ಕೆ ನಿಂತಿದ್ದ ಓದನ್ನು ಪೂರೈಸಿಕೊಂಡರು; ಯುದ್ಧದ ವರ್ಷಗಳಲ್ಲಿ ಸರ್ಕಾರದ ಸರಬರಾಜು ಮಂಡಲಿಯಲ್ಲಿ ಅಂಕಿಅಂಶಗಳ ಕೆಲಸ ಮಾಡಿದರು; ಯುದ್ಧ ಮುಗಿದ ಮೇಲೆ ವಿಟ್‌ವಾಟರ್ಸ್‌ರಾಂಡ್ ವಿಶ್ವವಿದ್ಯಾನಿಲಯದಲ್ಲಿ ಆರ್ಥಿಕ ಇತಿಹಾಸದ ಅಧ್ಯಾಪಕಿಯಾದರು.

ಆಕೆಯ ಕಣ್ಣು ತೆರೆಯಿಸಿದ್ದು ಯಾವ ಮಹಾಪುರುಷನ ಉಪನ್ಯಾಸವೂ ಅಲ್ಲ, ಸರ್ಕಾರಿ ಕಾಗದಗಳು. ನಗರಗಳಿಗೆ ಬಂದು ನೆಲಸುತ್ತಿದ್ದ ಆಫ್ರಿಕನರ ಸಮಸ್ಯೆಯನ್ನು ಪರಿಶೀಲಿಸಲು ಜನರಲ್ ಸ್ಮಟ್ಸರ ಸರ್ಕಾರ 1946ರಲ್ಲಿ ಫೇಗನ್ ಆಯೋಗವನ್ನು ನೇಮಿಸಿತು. ಜನಾಂಗ ಸಂಬಂಧಗಳ ಸಂಸ್ಥೆಯ ಪರವಾಗಿ ಆ ಆಯೋಗಕ್ಕೆ ಸಾಕ್ಷ್ಯವನ್ನು ಸಿದ್ಧಪಡಿಸುವ ಹೊಣೆ ಹೊತ್ತವರಲ್ಲಿ ಶ್ರೀಮತಿ ಸುಜ್‌ಮನ್ ಒಬ್ಬರು. ಕಪ್ಪುಜನರು ಸದಾ ಕಿಸೆಯಲ್ಲಿಟ್ಟುಕೊಳ್ಳಬೇಕಾದ ‘ಪಾಸು’, ಅದಿಲ್ಲದವನಿಗೆ ಸೆರೆಮನೆ, ಗಂಡನಿಗೆ ನಗರದಲ್ಲಿರಲು ಅನುಮತಿಯಿದ್ದು ಹೆಂಡತಿಗೆ ಇಲ್ಲದೆ ಒಡೆದುಹೋಗುವ ಸಂಸಾರಗಳು, ಇವನ್ನೆಲ್ಲ ಅಂಕಿಗಳ ರೂಪದಲ್ಲಿ ಕಂಡಾಗ ಆಕೆಗೆ ತಾವು ಹುಟ್ಟಿ ಬೆಳೆದ ಊರೇ ಹೊಸದಾಗಿ ತೋರಿತಂತೆ. ಆಫ್ರಿಕನರು ನಗರಗಳಿಗೆ ಬರುವುದನ್ನು ಹಿಂತಿರುಗಿಸಲಾಗದೆಂದು ಆಯೋಗ ವರದಿಯಿತ್ತಿತು. ಆದರೆ 1948ರ ಚುನಾವಣೆಯಲ್ಲಿ ಮಲಾನ್ ಅವರ ನ್ಯಾಷನಲ್ ಪಾರ್ಟಿ ಗೆದ್ದಿತು. ಆ ವರದಿ ಕಪಾಟನ್ನು ಸೇರಿತು. ‘ಅಪಾರ್ಥೈಡ್’ ಎಂಬ ಪದ ಜಗತ್ತಿನ ಶಬ್ದಕೋಶವನ್ನು ಸೇರಿತು.

1953ರಲ್ಲಿ ಜೊಹಾನ್ಸ್‌ಬರ್ಗಿನ ಹೌಟನ್ ಕ್ಷೇತ್ರದಿಂದ ಯುನೈಟೆಡ್ ಪಾರ್ಟಿಯ ಸದಸ್ಯೆಯಾಗಿ ಆಕೆ ಪಾರ್ಲಿಮೆಂಟನ್ನು ಪ್ರವೇಶಿಸಿದರು. ಮಕ್ಕಳು ಇನ್ನೂ ಶಾಲೆಯಲ್ಲಿದ್ದರು. ವರ್ಷದ ಮೊದಲ ಅರ್ಧದಲ್ಲಿ ಮನೆಯಿಂದ ಸಾವಿರದ ನಾನೂರು ಕಿಲೋಮೀಟರು ದೂರದ ಕೇಪ್‌ಟೌನಿನಲ್ಲಿ ಬಿಡಾರ, ಅಧಿವೇಶನ ಮುಗಿದ ಮೇಲೆ ಜೊಹಾನ್ಸ್‌ಬರ್ಗಿನಲ್ಲಿ ಸಂಸಾರ. ಈ ಎರಡು ಮನೆಯ ಬದುಕು ಮೂವತ್ತಾರು ವರ್ಷ ನಡೆಯಿತು.

ಹನ್ನೊಂದು ಜನ ಹೋಗಿ ಒಬ್ಬರು ಉಳಿದದ್ದು

ಯುನೈಟೆಡ್ ಪಾರ್ಟಿಯ ಅವಸ್ಥೆ ವಿಚಿತ್ರವಾಗಿದ್ದಿತು. ಸರ್ಕಾರವನ್ನು ಎದುರಿಸುವುದು ಅದರ ಕರ್ತವ್ಯ. ಆದರೆ ಸರ್ಕಾರ ಯಾವ ಭಯದ ಮೇಲೆ ಮತ ಗಳಿಸುತ್ತಿದ್ದಿತೋ ಅದೇ ಭಯದಲ್ಲಿ ತನಗೂ ಒಂದು ಪಾಲು ಬೇಕು. ಆದುದರಿಂದ ಅದರ ವಿರೋಧ ಯಾವಾಗಲೂ ‘ಅಹುದು, ಆದರೆ’ ಎಂಬ ಧಾಟಿಯದು. 1959ರ ಆಗಸ್ಟಿನಲ್ಲಿ ಬ್ಲೂಮ್‌ಫಾಂಟೈನಿನಲ್ಲಿ ಸೇರಿದ ಪಕ್ಷದ ಮಹಾಸಭೆಯು, ಆಫ್ರಿಕನರಿಗಾಗಿ ಸರ್ಕಾರ ಇನ್ನು ಮುಂದೆ ಭೂಮಿ ಕೊಳ್ಳಬಾರದೆಂಬ ನಿರ್ಣಯವನ್ನು ಅಂಗೀಕರಿಸಿತು. ಆ ಭೂಮಿಯನ್ನು ಕೊಡುವುದಾಗಿ 1936ರಲ್ಲಿಯೇ ಕಾನೂನಿನ ಮೂಲಕ ಮಾತು ಕೊಡಲಾಗಿತ್ತು. ಕೊಟ್ಟ ಮಾತಿಗೆ ತಪ್ಪುವ ಈ ನಿರ್ಣಯವನ್ನು ಸಹಿಸದೆ ಪಕ್ಷದ ಉದಾರವಾದಿಗಳು ಹೊರಬಿದ್ದು ಪ್ರೋಗ್ರೆಸಿವ್ ಪಾರ್ಟಿಯನ್ನು ಕಟ್ಟಿದರು. ಯಾನ್ ಸ್ಟೈಟ್ಲರ್ ಎಂಬ ವೈದ್ಯರು ಅದರ ನಾಯಕರು. ಪಾರ್ಲಿಮೆಂಟಿನಲ್ಲಿ ಅವರ ಸಂಖ್ಯೆ ಹನ್ನೆರಡರ ಆಸುಪಾಸಿನಲ್ಲಿದ್ದಿತು.

1960ರ ಮಾರ್ಚ್ 21ರಂದು ಶಾರ್ಪ್‌ವಿಲ್ಲಿನಲ್ಲಿ, ಪಾಸು ಕಾನೂನನ್ನು ಪ್ರತಿಭಟಿಸಲು ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿ 69 ಮಂದಿಯನ್ನು ಕೊಂದರು. ಆಫ್ರಿಕನ್ ನ್ಯಾಷನಲ್ ಕಾಂಗ್ರೆಸ್ಸಿನ ಮೇಲೆ ನಿಷೇಧ ಬಂದಿತು. ಬಿಳಿಯರ ಭಯ ಇಮ್ಮಡಿಸಿತು. ಮರುವರ್ಷ ಅಕ್ಟೋಬರಿನಲ್ಲಿ ಚುನಾವಣೆ ನಡೆದಾಗ ಹೊಸ ಪಕ್ಷದ ಅಭ್ಯರ್ಥಿಗಳೆಲ್ಲ ಸಾಲಾಗಿ ಸೋತರು. ಹೌಟನ್ ಒಂದೇ ಉಳಿಯಿತು. ಅದೂ 564 ಮತಗಳ ಅಂತರದಿಂದ.

ಈ 564 ಮತಗಳನ್ನು ಕೊಟ್ಟವರಾರು ಎಂಬುದನ್ನೂ ನೋಡಬೇಕು. ಹೌಟನ್ ಎಂದರೆ ಈಜುಕೊಳಗಳು, ಎತ್ತರದ ಗೋಡೆಗಳು, ನೆರಳು ಮರಗಳ ಸಾಲುಬೀದಿಗಳಿರುವ ಬಡಾವಣೆ. ದೇಶದ ಅತ್ಯಂತ ಶ್ರೀಮಂತ ಬಿಳಿಯರ ನೆಲೆಗಳಲ್ಲೊಂದು. ಅಂದಿನ ಜನಗಣತಿಯಂತೆ ದೇಶದ ಒಂದು ಕೋಟಿ ಅರವತ್ತು ಲಕ್ಷ ಜನರಲ್ಲಿ ಬಿಳಿಯರು ಮೂವತ್ತು ಲಕ್ಷದಷ್ಟು. ಯಾರ ಪರವಾಗಿ ಆಕೆ ಮಾತನಾಡುತ್ತಿದ್ದರೋ ಅವರಲ್ಲಿ ಒಬ್ಬನಿಗೂ ಆಕೆಗೆ ಮತ ಹಾಕುವ ಹಕ್ಕಿರಲಿಲ್ಲ. ಯಾರು ಮತ ಹಾಕುತ್ತಿದ್ದರೋ ಅವರಿಗೆ ಆಕೆಯ ಮಾತಿನಿಂದ ಯಾವ ಲಾಭವೂ ಇರಲಿಲ್ಲ. 1966ರಲ್ಲಿ ಅಂತರ 711ಕ್ಕೆ ಏರಿತು; 1970ರಲ್ಲಿ ಎರಡು ಸಾವಿರವನ್ನು ದಾಟಿತು. ಎಂದರೆ, ಹದಿಮೂರು ವರ್ಷಗಳ ಕಾಲ ಆಕೆ ತಮ್ಮ ಪಕ್ಷದ ಏಕೈಕ ಪ್ರತಿನಿಧಿ. ಅದರಲ್ಲಿ ಹಲವು ವರ್ಷ ಇಡೀ ಸಭೆಯಲ್ಲಿ ಏಕೈಕ ಮಹಿಳೆ.

ಒಬ್ಬರೇ ಒಂದು ಪಕ್ಷವಾದುದರಿಂದ ಒಂದು ಅನುಕೂಲವೂ ಒದಗಿತು. ಪ್ರತಿ ಮಸೂದೆಯ ಮೇಲೂ ಆ ಪಕ್ಷಕ್ಕೆ ಮಾತನಾಡುವ ಅವಕಾಶ ಕೊಡಲೇಬೇಕು. ಕೊಟ್ಟರೆ ಅದು ಆಕೆಗೇ ಬರಬೇಕು. ಹಣಕಾಸು, ನ್ಯಾಯ, ಸೆರೆಮನೆ, ಶಿಕ್ಷಣ, ಆರೋಗ್ಯ, ಬಂಟು ಆಡಳಿತ, ಎಲ್ಲಕ್ಕೂ ಒಬ್ಬರೇ ವಕ್ತಾರರು. ಸಹಾಯಕ್ಕೆ ಗುಮಾಸ್ತರ ಪಡೆಯಿರಲಿಲ್ಲ. ರಾತ್ರಿಯೆಲ್ಲ ಕಾಗದಗಳನ್ನು ಓದಿ, ಬೆಳಗ್ಗೆ ಟಿಪ್ಪಣಿ ಮಾಡಿ, ಮಧ್ಯಾಹ್ನ ಎದ್ದು ನಿಂತರೆ ಎದುರಿನಿಂದ ಕೂಗಾಟ. ಆಕೆ ಯಹೂದಿ, ಆಕೆ ಹೆಂಗಸು, ಆಕೆ ಇಂಗ್ಲಿಷ್ ಮಾತನಾಡುವವರು, ಆಕೆ ಉದಾರವಾದಿ. ಆಳುವ ಪಕ್ಷದ ಹಿಂದಿನ ಸಾಲಿನ ಸದಸ್ಯರಿಗೆ ಮೂದಲಿಸಲು ಇಷ್ಟು ಸಾಮಗ್ರಿ ಸಾಕಾಗಿದ್ದಿತು. ಕೂಗಿದವರಿಗೆ ಬಡ್ಡಿ ಸೇರಿಸಿ ಹಿಂದಿರುಗಿಸುವ ನಾಲಿಗೆ ಆಕೆಗೂ ಇದ್ದಿತೆಂಬುದು ನಿಜ. ಕಪ್ಪುಜನರ ಕೇರಿಗಳಿಗೆ ಒಮ್ಮೆ ಹೋಗಿ ನೋಡಿರಿ, ಆದರೆ ಹೋಗುವಾಗ ಮನುಷ್ಯನ ವೇಷವನ್ನು ಚೆನ್ನಾಗಿ ಹಾಕಿಕೊಂಡು ಹೋಗಿರಿ ಎಂದು ಸಚಿವರೊಬ್ಬರಿಗೆ ಆಕೆ ಸಲಹೆ ಕೊಟ್ಟುದು ಪ್ರಸಿದ್ಧವಾಗಿದೆ. ಮನೆಗೆ ದೂರವಾಣಿಯಲ್ಲಿ ಅನಾಮಧೇಯರು ಬೈಗುಳ ಸುರಿಸುತ್ತಿದ್ದರು. ಅದಕ್ಕೆಂದು ಆಕೆ ದೂರವಾಣಿಯ ಪಕ್ಕದಲ್ಲಿ ಒಂದು ಸೀಟಿಯನ್ನು ಇಟ್ಟುಕೊಂಡಿದ್ದರು; ಬೈಗುಳ ಆರಂಭವಾದೊಡನೆ ಸೀಟಿಯನ್ನು ಬಾಯಿಗಿಟ್ಟು ಗಟ್ಟಿಯಾಗಿ ಊದಿಬಿಡುತ್ತಿದ್ದರು.

ಪ್ರಶ್ನೆಯೆಂಬ ಆಯುಧ

ಮತಗಣನೆಯಲ್ಲಿ ಸೋಲು ಖಂಡಿತ. ಒಂದಕ್ಕೆ ನೂರು, ಒಂದಕ್ಕೆ ನೂರೈವತ್ತು. ಹಾಗಾದರೆ ಆ ಮತದಿಂದ ಏನು ಪ್ರಯೋಜನ ಎಂದು ಕೇಳಿದವರಿಗೆ ಉತ್ತರ ದೊರೆಯುವುದು ಪಾರ್ಲಿಮೆಂಟಿನ ನಡವಳಿಯ ಸಂಪುಟಗಳಲ್ಲಿ. ಸದಸ್ಯರು ಲಿಖಿತ ಪ್ರಶ್ನೆ ಕೇಳಿದರೆ ಸಚಿವರು ಉತ್ತರ ಕೊಡಬೇಕೆಂಬ ಬ್ರಿಟಿಷ್ ಸಂಪ್ರದಾಯವನ್ನು ದಕ್ಷಿಣ ಆಫ್ರಿಕದವರು ಕೈಬಿಟ್ಟಿರಲಿಲ್ಲ. ಜನಾಂಗ ದ್ವೇಷದ ರಾಜ್ಯವನ್ನು ಕಟ್ಟಿದವರಿಗೆ ಸಭಾನಿಯಮಗಳ ಮೇಲೆ ಮಾತ್ರ ಅಪಾರ ಗೌರವ! ಅಂಕಿಅಂಶಗಳಲ್ಲಿ ಪಳಗಿದ್ದ ಅಧ್ಯಾಪಕಿ ಈ ಸಂದನ್ನು ಹಿಡಿದರು. ಒಂದೊಂದು ಅಧಿವೇಶನದಲ್ಲಿಯೂ ನೂರಕ್ಕೂ ಮೀರಿ ಪ್ರಶ್ನೆಗಳು. ಕಳೆದ ವರ್ಷ ಪಾಸು ಕಾನೂನಿನಡಿ ಬಂಧಿತರಾದವರೆಷ್ಟು ಮಂದಿ? ಛಡಿಯೇಟಿನ ಶಿಕ್ಷೆ ಎಷ್ಟು ಜನರಿಗಾಯಿತು? ಗಲ್ಲಿಗೇರಿದವರಲ್ಲಿ ಬಿಳಿಯರೆಷ್ಟು, ಕಪ್ಪುಜನರೆಷ್ಟು? ವಿಚಾರಣೆಯಿಲ್ಲದೆ ಬಂಧನದಲ್ಲಿರುವವರಾರು, ಅವರಲ್ಲಿ ಸತ್ತವರಾರು, ಹೇಗೆ ಸತ್ತರು? ಮನೆಗಳಿಂದ ಎಬ್ಬಿಸಿ ಬಯಲಿನಲ್ಲಿ ಇಳಿಸಿದ ಸಂಸಾರಗಳ ಸಂಖ್ಯೆ ಏನು? ಜನಾಂಗದ ದಾಖಲೆಯಲ್ಲಿ ಒಂದು ವರ್ಣದಿಂದ ಇನ್ನೊಂದಕ್ಕೆ ವರ್ಗವಾದವರೆಷ್ಟು?

ಉತ್ತರಗಳು ಬರುತ್ತಿದ್ದವು, ಪಾಸು ಕಾನೂನಿನ ಬಂಧನಗಳಂತೂ ವರ್ಷಕ್ಕೆ ಲಕ್ಷಗಟ್ಟಲೆ. ಅಷ್ಟೇ ಅಲ್ಲ: ಸೆರೆಮನೆಗಳ ಸ್ಥಿತಿಗತಿಗಳ ಬಗ್ಗೆ ಬರೆಯುವ ಪತ್ರಿಕೆಗಳ ಮೇಲೆ 1959ರ ಕಾನೂನು ಕತ್ತಿ ತೂಗಿಸಿದ್ದಿತು, ನಿಷೇಧಕ್ಕೊಳಗಾದವರ ಮಾತನ್ನು ಉದ್ಧರಿಸಿದರೆ ಅಪರಾಧ. ಆದರೆ ಪಾರ್ಲಿಮೆಂಟಿನಲ್ಲಿ ಆಡಿದ ಮಾತನ್ನು ವರದಿ ಮಾಡಲು ತಡೆಯಿರಲಿಲ್ಲ. ಹೀಗಾಗಿ ಬೀದಿಯಲ್ಲಿ ಹೇಳಲಾಗದ ಸತ್ಯ ಸಚಿವರ ಬಾಯಿಂದಲೇ ಹೊರಟು, ಮರುದಿನದ ಪತ್ರಿಕೆಯಲ್ಲಿ ಅಚ್ಚಾಗಿ, ವಾರದೊಳಗೆ ಲಂಡನ್ನಿಗೂ ನ್ಯೂಯಾರ್ಕಿಗೂ ಮುಟ್ಟುತ್ತಿದ್ದಿತು. ವಿದೇಶಗಳಲ್ಲಿ ನಾಡಿನ ಮಾನ ಕಳೆಯುವುದಕ್ಕಾಗಿಯೇ ಈ ಪ್ರಶ್ನೆಗಳನ್ನು ಕೇಳುತ್ತೀರಿ ಎಂದು ಒಮ್ಮೆ ಸಚಿವರು ಸಿಡುಕಿದಾಗ, ಮಾನ ಹೋಗುತ್ತಿರುವುದು ಪ್ರಶ್ನೆಗಳಿಂದಲ್ಲ, ನಿಮ್ಮ ಉತ್ತರಗಳಿಂದ ಎಂದು ಆಕೆ ಹೇಳಿದರು.

ಆಕೆಯ ಮತಗಳ ದಾಖಲೆಯಲ್ಲಿ ಎಲ್ಲಕ್ಕಿಂತ ಮನಕಲಕುವುದು ರಾಬರ್ಟ್ ಸೊಬುಕ್ವೆಯವರ ಪ್ರಕರಣ. ಶಾರ್ಪ್‌ವಿಲ್ ಪ್ರತಿಭಟನೆಯನ್ನು ಸಂಘಟಿಸಿದ್ದಕ್ಕಾಗಿ ಮೂರು ವರ್ಷಗಳ ಶಿಕ್ಷೆ ಅನುಭವಿಸಿ, 1963ರ ಮೇ ತಿಂಗಳಿನಲ್ಲಿ ಅವರು ಹೊರಬರಬೇಕಾಗಿತ್ತು. ತೊಂಬತ್ತು ದಿನಗಳ ಮಸೂದೆಯಲ್ಲಿಯೇ ಒಂದು ಕಲಮನ್ನು ಸೇರಿಸಿ, ಶಿಕ್ಷೆ ಮುಗಿದ ಕೈದಿಯನ್ನೂ ಮಂತ್ರಿಯ ಇಚ್ಛೆಯಂತೆ ಒಳಗೇ ಇಟ್ಟುಕೊಳ್ಳಬಹುದೆಂದು ಮಾಡಲಾಯಿತು. ಒಬ್ಬ ಮನುಷ್ಯನಿಗಾಗಿ ಒಂದು ಶಾಸನ! ಆ ಕಲಮನ್ನು ಪಾರ್ಲಿಮೆಂಟು ವರ್ಷವರ್ಷವೂ ನವೀಕರಿಸಬೇಕಾಗಿತ್ತು. ವರ್ಷವರ್ಷವೂ ಆಕೆ ಎದ್ದು ನಿಂತು, ಈತನ ಅಪರಾಧವೇನು, ಎಂದು ಬಿಡುತ್ತೀರಿ ಎಂದು ಕೇಳುವುದು. ವರ್ಷವರ್ಷವೂ ಸಭೆ ನವೀಕರಿಸುವುದು. ರಾಬನ್ ದ್ವೀಪದ ಒಂದು ಮನೆಯಲ್ಲಿ ಇತರ ಕೈದಿಗಳ ಮಾತುಕತೆಯೂ ಇಲ್ಲದೆ ಸೊಬುಕ್ವೆ ಆರು ವರ್ಷ ಕಳೆದರು. 1969ರಲ್ಲಿ ಬಿಡುಗಡೆಯಾದಾಗಲೂ ಕಿಂಬರ್ಲಿ ಊರನ್ನು ಬಿಟ್ಟು ಕದಲಬಾರದೆಂಬ ನಿರ್ಬಂಧ ಬೆನ್ನಿಗಿದ್ದಿತು.

1965ರಲ್ಲಿ ತೊಂಬತ್ತು ನೂರ ಎಂಬತ್ತಾಯಿತು. 1967ರ ಭಯೋತ್ಪಾದನಾ ಶಾಸನದಲ್ಲಿ ದಿನಗಳ ಲೆಕ್ಕವೇ ಮಾಯವಾಯಿತು. ಎಷ್ಟು ಕಾಲ ಬೇಕಾದರೂ ಇಡಬಹುದು. ಅದಕ್ಕೂ ಬಿದ್ದುದು ಒಂದೇ ವಿರುದ್ಧ ಮತ.

ದ್ವೀಪದಲ್ಲಿ ಒಂದು ಮುಂಜಾನೆ

ಕೇಳಿದ್ದನ್ನು ನಂಬದೆ ಕಣ್ಣಿನಿಂದ ಕಂಡೇ ಮಾತನಾಡಬೇಕೆಂಬುದು ಆಕೆಯ ಕಟ್ಟಳೆ. ಜನರನ್ನು ತಂದು ಸುರಿದ ಪುನರ್ವಸತಿ ಶಿಬಿರಗಳು, ಗುಡಿಸಲು ಕೇರಿಗಳು, ಸೆರೆಮನೆಗಳು, ಎಲ್ಲಿಗೂ ಹೋಗುತ್ತಿದ್ದರು. 1967ರ ಆರಂಭದಲ್ಲಿ ಹಲವು ಮನವಿಗಳ ನಂತರ ರಾಬನ್ ದ್ವೀಪಕ್ಕೆ ಹೋಗಲು ಅನುಮತಿ ದೊರೆಯಿತು. ನೆಲ್ಸನ್ ಮಂಡೇಲಾ ಅವರು ಜೀವಾವಧಿ ಶಿಕ್ಷೆಗೊಳಗಾಗಿ ಅಲ್ಲಿಗೆ ಬಂದು ಆಗ ಮೂರನೆಯ ವರ್ಷ.

ಸೆರೆಮನೆಯ ಅಧಿಕಾರಿಗಳ ಪರಿವಾರದೊಡನೆ ಆಕೆ ಏಕಾಂತ ಕೋಣೆಗಳ ಸಾಲನ್ನು ಪ್ರವೇಶಿಸಿ ಮೊದಲನೆಯ ಬಾಗಿಲಿನಲ್ಲಿ ನಿಂತು ತಮ್ಮ ಹೆಸರನ್ನು ಹೇಳಿದರು. ಒಳಗಿದ್ದ ಎಡ್ಡಿ ಡೇನಿಯಲ್ಸ್ ತನ್ನ ದೂರುಗಳನ್ನು ಹೇಳಲಿಲ್ಲ. ಸಾಲಿನ ಕೊನೆಯಲ್ಲಿ ಮಂಡೇಲಾ ಇದ್ದಾರೆ, ಸಮಯ ಕಳೆಯದೆ ನೇರವಾಗಿ ಅಲ್ಲಿಗೆ ಹೋಗಿರಿ, ನಮ್ಮೆಲ್ಲರ ಪರವಾಗಿ ಮಾತನಾಡುವವರು ಅವರೇ ಎಂದು ಸೂಚಿಸಿದ. ಅದರಂತೆ ಆಕೆ ಹೋದರು. ಎತ್ತರದ ಮನುಷ್ಯ ಕಂಬಿಗಳ ನಡುವೆ ಕೈ ಚಾಚಿ, ಪರಿಚಯವಾದುದು ಸಂತೋಷ ಎಂದರು. ಸುತ್ತಲೂ ಅಧಿಕಾರಿಗಳು ಕೇಳುತ್ತ ನಿಂತಿದ್ದರೂ ಅಳುಕದೆ, ದನಿಯೇರಿಸದೆ, ಆಹಾರ, ಬಟ್ಟೆ, ಓದಿನ ಸೌಕರ್ಯ, ಎಲ್ಲವನ್ನೂ ಒಂದಾದ ಮೇಲೊಂದಾಗಿ ಹೇಳಿದರು. ಕೈಮೇಲೆ ನಾಜಿಗಳ ಸ್ವಸ್ತಿಕದ ಹಚ್ಚೆ ಹೊಯ್ಯಿಸಿಕೊಂಡಿದ್ದ ಒಬ್ಬ ಕಾವಲುಗಾರ ಕೈದಿಗಳನ್ನು ಹಿಂಸಿಸುತ್ತಿದ್ದುದನ್ನೂ ಹೇಳಿದರು.

ಹಿಟ್ಲರನ ಕಾಲವನ್ನು ಕಂಡ ಯಹೂದಿ ಹೆಣ್ಣುಮಗಳ ಕಿವಿಗೆ ಆ ಹಚ್ಚೆಯ ಮಾತು ಹೇಗೆ ಬಿದ್ದಿರಬಹುದೆಂಬುದನ್ನು ಊಹಿಸಬಹುದು. ಕೇಪ್‌ಟೌನಿಗೆ ಹಿಂದಿರುಗಿದ ಆಕೆ ಮೇಲಧಿಕಾರಿಗಳನ್ನೂ ಮಂತ್ರಿಯನ್ನೂ ಕಂಡರು. ಆತನನ್ನು ಅಲ್ಲಿಂದ ತೆಗೆಯದಿದ್ದರೆ ವಿಷಯ ಸಭೆಯಲ್ಲಿ ಹೊರಬೀಳುವುದೆಂದು ಸ್ಪಷ್ಟಪಡಿಸಿದರು. ಬಹಳ ದಿನಗಳಾಗುವ ಮುನ್ನವೇ ಆ ಕಾವಲುಗಾರ ದ್ವೀಪದಿಂದ ಬೇರೆಡೆಗೆ ಹೋದ. ಬಂಡೆ ಒಡೆಯುವ ಕೈದಿಗೆ ಇದು ಸಣ್ಣ ಲಾಭವಲ್ಲ. ಸೆರೆಕೋಣೆಗಳ ಆ ಸಾಲಿಗೆ ಕಾಲಿಟ್ಟ ಮೊದಲ ಹೆಣ್ಣುಮಗಳನ್ನು ಕಂಡ ಅಚ್ಚರಿಯನ್ನೂ, ಆ ಭೇಟಿಯ ನಂತರ ಅಲ್ಲಿಯ ಬದುಕು ಕೊಂಚ ಸಹ್ಯವಾದುದನ್ನೂ ಮಂಡೇಲಾ ತಮ್ಮ ಆತ್ಮಕಥೆಯಲ್ಲಿ ನೆನೆದಿದ್ದಾರೆ.

ಇದಕ್ಕೆ ಕೆಲವು ತಿಂಗಳ ಹಿಂದೆ, 1966ರ ಸೆಪ್ಟೆಂಬರ್ 6ರಂದು, ಪ್ರಧಾನಮಂತ್ರಿ ಫೆರ್ವೂರ್ಟ್ ಪಾರ್ಲಿಮೆಂಟಿನೊಳಗೇ ಒಬ್ಬ ಸಂದೇಶವಾಹಕನ ಚೂರಿಗೆ ಬಲಿಯಾದರು. ಸಭೆ ದಿಗ್ಭ್ರಮೆಗೊಂಡಿದ್ದಾಗ ರಕ್ಷಣಾಮಂತ್ರಿ ಬೋಥಾ ಅವರು ಸುಜ್‌ಮನ್ ಅವರ ಕಡೆಗೆ ಬೆರಳಾಡಿಸುತ್ತ, ಇದಕ್ಕೆ ನೀವು ಉದಾರವಾದಿಗಳೇ ಕಾರಣ, ನಿಮ್ಮನ್ನು ನೋಡಿಕೊಳ್ಳುತ್ತೇವೆ ಎಂದು ಆರ್ಭಟಿಸಿದರು. ಕೊಲೆಗಾರನಿಗೂ ಉದಾರವಾದಕ್ಕೂ ಯಾವ ಸಂಬಂಧವೂ ಇರಲಿಲ್ಲ. ಆಕೆ ಸ್ಪೀಕರರ ಬಳಿಗೆ ಹೋಗಿ ಕ್ಷಮೆ ಕೇಳಿಸಬೇಕೆಂದು ಪಟ್ಟು ಹಿಡಿದರು. ಬೋಥಾ ಒಲ್ಲದ ಮನಸ್ಸಿನಿಂದ ಕ್ಷಮೆ ಕೇಳಬೇಕಾಯಿತು. ಮುಂದೆ ಅದೇ ಬೋಥಾ ದೇಶದ ಪ್ರಧಾನಿಯೂ ಅಧ್ಯಕ್ಷರೂ ಆದರು. ಇಬ್ಬರಿಗೂ ಕೊನೆಯವರೆಗೆ ಸರಿಹೋಗಲಿಲ್ಲ.

ಎರಡೂ ಕಡೆಯ ಆಕ್ಷೇಪ

ಆಕೆಯನ್ನು ಟೀಕಿಸಿದವರು ಬಲಗಡೆಯಲ್ಲಿ ಮಾತ್ರ ಇರಲಿಲ್ಲ. ಆಲ್ಬರ್ಟ್ ಲುಥುಲಿಯವರು ಆಕೆಯ ಒಂಟಿ ಹೋರಾಟವನ್ನು ಮೆಚ್ಚಿ ಕಾಗದ ಬರೆದದ್ದು ನಿಜ. ಆದರೆ ಬಿಳಿಯರು ಮಾತ್ರ ಚುನಾಯಿಸಿದ ಪಾರ್ಲಿಮೆಂಟಿನಲ್ಲಿ ಕುಳಿತುಕೊಳ್ಳುವುದೆಂದರೆ ಆ ಪಾರ್ಲಿಮೆಂಟಿಗೆ ಗೌರವ ತಂದುಕೊಟ್ಟಂತೆಯೇ ಅಲ್ಲವೆ, ನಮ್ಮಲ್ಲಿಯೂ ವಿರೋಧಕ್ಕೆ ಸ್ಥಳವಿದೆ ಎಂದು ಜಗತ್ತಿಗೆ ತೋರಿಸಲು ಸರ್ಕಾರಕ್ಕೆ ಇದೊಂದು ಅಲಂಕಾರವಾಗಲಿಲ್ಲವೆ ಎಂದು ವಿಮೋಚನಾ ಹೋರಾಟದವರಲ್ಲಿ ಅನೇಕರು ಕೇಳಿದರು. ಈ ಪ್ರಶ್ನೆಯನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ.

1968ರಲ್ಲಿ ಸರ್ಕಾರ ಎಲ್ಲ ಜನಾಂಗದವರೂ ಸೇರಿರುವ ರಾಜಕೀಯ ಪಕ್ಷಗಳನ್ನು ನಿಷೇಧಿಸಿತು. ಕಾದಂಬರಿಕಾರ ಅಲನ್ ಪೇಟನ್ ಅವರ ಲಿಬರಲ್ ಪಾರ್ಟಿ, ತನ್ನ ಕಪ್ಪು ಸದಸ್ಯರನ್ನು ಹೊರಹಾಕಿ ಬದುಕುವುದಕ್ಕಿಂತ ಮುಚ್ಚಿಹೋಗುವುದೇ ಲೇಸೆಂದು ತನ್ನನ್ನು ತಾನೇ ವಿಸರ್ಜಿಸಿಕೊಂಡಿತು. ಪ್ರೋಗ್ರೆಸಿವ್ ಪಾರ್ಟಿ ಪ್ರತಿಭಟಿಸಿತು. ಆದರೆ ಬಿಳಿಯರ ಪಕ್ಷವಾಗಿ ಮುಂದುವರಿಯಿತು. ಹೌಟನ್ನಿನ ಆ ಒಂದು ಸ್ಥಾನವನ್ನೂ ಬಿಟ್ಟುಕೊಟ್ಟರೆ ಬಂದಿಗಳ ಪರವಾಗಿ ಪ್ರಶ್ನೆ ಕೇಳುವವರು ಯಾರು ಎಂಬುದು ಸುಜ್‌ಮನ್ ಅವರ ವಾದ. ಪೇಟನ್ ಅವರ ದಾರಿ ಹೆಚ್ಚು ನಿರ್ಮಲವಾದುದು. ಸುಜ್‌ಮನ್ ಅವರದು ಸೆರೆಮನೆಯಲ್ಲಿದ್ದವರಿಗೆ ಹೆಚ್ಚು ಉಪಯೋಗಕ್ಕೆ ಬಂದುದು. ಎರಡರಲ್ಲಿ ಯಾವುದು ದೊಡ್ಡದೆಂಬುದನ್ನು ದೂರದಲ್ಲಿ ಕುಳಿತವರು ತೀರ್ಮಾನಿಸುವುದು ಕಷ್ಟ.

ಇನ್ನೊಂದು ಮಾತನ್ನೂ ಮುಚ್ಚಿಡಬಾರದು. ಆಕೆಯ ಪಕ್ಷ ಮೊದಲಿಗೆ ಕೇಳಿದ್ದು ಎಲ್ಲರಿಗೂ ಮತದಾನದ ಹಕ್ಕನ್ನಲ್ಲ; ಇಷ್ಟು ವಿದ್ಯೆ, ಇಷ್ಟು ವರಮಾನ ಇರುವವರಿಗೆ, ಬಣ್ಣ ಯಾವುದಾದರೂ ಸರಿ, ಮತ ಕೊಡಬೇಕೆಂದು. ಶಾಲೆಯನ್ನೂ ಸಂಬಳವನ್ನೂ ಕಸಿದುಕೊಂಡವರ ನಾಡಿನಲ್ಲಿ ವಿದ್ಯೆ ವರಮಾನಗಳ ಅಳತೆಗೋಲು ಎಷ್ಟರಮಟ್ಟಿಗೆ ನ್ಯಾಯವಾದುದು? ಸಾರ್ವತ್ರಿಕ ಮತದಾನವನ್ನು ಪಕ್ಷ ಒಪ್ಪಿದುದು 1978ರಲ್ಲಿ. ಎಂಬತ್ತರ ದಶಕದಲ್ಲಿ ಜಗತ್ತೆಲ್ಲ ದಕ್ಷಿಣ ಆಫ್ರಿಕದ ಮೇಲೆ ಆರ್ಥಿಕ ದಿಗ್ಬಂಧನ ಹೇರಬೇಕೆಂದಾಗ ಆಕೆ ಅದನ್ನು ವಿರೋಧಿಸಿದರು. ಕಾರ್ಖಾನೆ ಮುಚ್ಚಿದರೆ ಮೊದಲು ಹಸಿಯುವವನು ಕಪ್ಪು ಕೂಲಿಗಾರನೇ ಎಂದರು. ನಿನ್ನೆಯವರೆಗೆ ಹೊಗಳುತ್ತಿದ್ದ ಹೊರನಾಡಿನ ಅನೇಕರು ಮುನಿದರು. ವ್ಯಾಪಾರ ಸಂಬಂಧವನ್ನು 1946ರಲ್ಲಿಯೇ ಕಡಿದುಕೊಂಡು ಈ ವಿಷಯದಲ್ಲಿ ಎಲ್ಲರಿಗಿಂತ ಮುಂದೆ ನಿಂತಿದ್ದ ಭಾರತದ ಅಭಿಪ್ರಾಯವೂ ಆಕೆಯದಕ್ಕೆ ವಿರುದ್ಧವೇ. ಮುಂದಿನ ಘಟನೆಗಳನ್ನು ನೋಡಿದರೆ ಈ ಒಂದು ವಿಷಯದಲ್ಲಿ ಆಕೆಯ ಎಣಿಕೆ ತಪ್ಪಿತೆಂದೇ ಹೇಳಬೇಕಾಗುತ್ತದೆ.

ಒಂಟಿತನ ಮುಗಿದದ್ದು

1974ರ ಏಪ್ರಿಲ್ ಚುನಾವಣೆಯಲ್ಲಿ ಪ್ರೋಗ್ರೆಸಿವ್ ಪಾರ್ಟಿಯ ಆರು ಮಂದಿ ಗೆದ್ದರು. ಕೆಲವೇ ವಾರಗಳಲ್ಲಿ ಉಪಚುನಾವಣೆಯಿಂದ ಏಳನೆಯವರು ಬಂದರು. ಕಾಲಿನ್ ಎಗ್ಲಿನ್, ಫ್ರೆಡರಿಕ್ ಫಾನ್ ಜೈಲ್ ಸ್ಲ್ಯಾಬರ್ಟ್ ಮೊದಲಾದ ಸಂಗಾತಿಗಳು ಪಕ್ಕದಲ್ಲಿ ಬಂದು ಕುಳಿತಾಗ ಆಕೆಗೆ ಐವತ್ತಾರು ವರ್ಷ. 1977ರಲ್ಲಿ ಯುನೈಟೆಡ್ ಪಾರ್ಟಿ ಚೂರುಚೂರಾಗಿ, ಆಕೆಯ ಪಕ್ಷವೇ ಹೊಸ ಹೆಸರಿನಿಂದ ಅಧಿಕೃತ ವಿರೋಧ ಪಕ್ಷವಾಯಿತು. ಹದಿನಾಲ್ಕು ವರ್ಷಗಳ ಹಿಂದೆ ಅಂಗಳ ದಾಟಿ ಹೋದವರ ಪೀಠಗಳಲ್ಲಿ ಈಗ ಇವರು. 1978ರಲ್ಲಿ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಪ್ರಶಸ್ತಿ ಬಂದಿತು. 1986ರಲ್ಲಿ, ಫೇಗನ್ ಆಯೋಗಕ್ಕೆ ಕಾಗದ ಬರೆದ ನಾಲ್ಕು ದಶಕಗಳ ತರುವಾಯ, ಪಾಸು ಕಾನೂನುಗಳು ರದ್ದಾಗುವುದನ್ನು ಆಕೆ ಸಭೆಯಲ್ಲಿಯೇ ಕುಳಿತು ನೋಡಿದರು.

1989ರಲ್ಲಿ ನಿವೃತ್ತಿ. ಕೊನೆಯ ಅಧಿವೇಶನದಲ್ಲಿ ಆ ಎಪ್ಪತ್ತೊಂದು ವರ್ಷದ ಸದಸ್ಯೆ ಕೈಗೆತ್ತಿಕೊಂಡ ವಿಷಯ ಒಬ್ಬ ನ್ಯಾಯಾಧೀಶರ ಮೇಲಣ ಖಂಡನಾ ನಿರ್ಣಯ. ಹೊಲದ ಕೆಲಸದ ಆಫ್ರಿಕನ್ ಆಳೊಬ್ಬನನ್ನು ಹೊಡೆದು ಕೊಂದ ಬಿಳಿಯ ರೈತರನ್ನು ಆ ನ್ಯಾಯಾಧೀಶರು ಸೆರೆಮನೆಗೆ ಕಳುಹಿಸದೆ ಬಿಟ್ಟಿದ್ದರು. ನಿರ್ಣಯ ಬಿದ್ದುಹೋಯಿತು. ಬಿದ್ದುಹೋಗುವುದೆಂದು ಎಲ್ಲರಿಗಿಂತ ಚೆನ್ನಾಗಿ ಆಕೆಗೇ ಗೊತ್ತಿದ್ದಿತು.

1990ರ ಫೆಬ್ರವರಿಯಲ್ಲಿ ಮಂಡೇಲಾ ಹೊರಬಂದರು. 1994ರಲ್ಲಿ ಎಲ್ಲ ಜನರೂ ಮತ ಹಾಕಿದ ಮೊದಲ ಚುನಾವಣೆಯನ್ನು ನಡೆಸಿದ ಆಯೋಗದಲ್ಲಿ ಸುಜ್‌ಮನ್ ಒಬ್ಬ ಸದಸ್ಯೆಯಾಗಿದ್ದರು. 1996ರ ಡಿಸೆಂಬರ್ 10ರಂದು ಹೊಸ ಸಂವಿಧಾನಕ್ಕೆ ಸಹಿ ಹಾಕಲು ಮಂಡೇಲಾ ಶಾರ್ಪ್‌ವಿಲ್ಲನ್ನೇ ಆರಿಸಿಕೊಂಡಾಗ ಆಕೆಯೂ ಜೊತೆಗಿದ್ದರು. ಹಳೆಯ ಅಭ್ಯಾಸ ಮಾತ್ರ ಬಿಡಲಿಲ್ಲ. ಏಡ್ಸ್ ರೋಗದ ವಿಷಯದಲ್ಲಿಯೂ ಜಿಂಬಾಬ್ವೆಯ ವಿಷಯದಲ್ಲಿಯೂ ಹೊಸ ಸರ್ಕಾರವನ್ನು ಅಷ್ಟೇ ಖಾರವಾಗಿ ಟೀಕಿಸಿದರು. 2009ರ ಜನವರಿ 1ರಂದು, ತೊಂಬತ್ತೊಂದನೆಯ ವಯಸ್ಸಿನಲ್ಲಿ ತೀರಿಕೊಂಡರು.

ಬಿಡುಗಡೆಯ ನಂತರ ಮಂಡೇಲಾ ಜೊಹಾನ್ಸ್‌ಬರ್ಗಿನಲ್ಲಿ ಮನೆ ಮಾಡಿದ್ದು ಹೌಟನ್ ಬಡಾವಣೆಯಲ್ಲಿ. 2013ರ ಡಿಸೆಂಬರಿನಲ್ಲಿ ಅವರು ಕೊನೆಯುಸಿರೆಳೆದುದೂ ಆ ಬಡಾವಣೆಯಲ್ಲಿಯೇ.